ಒನ್ಸ್ ಮೋರ್

ಟೆಲಿಗ್ರಾಂ ಬಂದಾಗ ನಾನು ಬಿಳಿಚೋಡಿನ ಶಾಲೆಯಲ್ಲಿ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಗಡಿಯ ಯುದ್ಧದಲ್ಲಿ ನನ್ನ ತಮ್ಮ ತೀರಿಕೊಂಡಿದ್ದ. ಆಮೇಲೆ ಬಂದದ್ದು ಅವನ ಟ್ರಂಕು, ಅದರೊಳಗೆ ಒಂದು ಜೊತೆ ಯೂನಿಫಾರಂ.

ಮರುವರ್ಷದ ಗಣರಾಜ್ಯೋತ್ಸವಕ್ಕೆ ಊರಿನ ಯುವಕರು ಮಿಲಿಟರಿ ನಾಟಕ ಆಡಲು ಹೊರಟರು. ಸೈನಿಕನ ಪಾತ್ರ ಟೈಲರ್ ರುದ್ರೇಶನದು. ಅವನು ಮನೆಗೆ ಬಂದು, "ಮೇಷ್ಟ್ರೇ, ನಾನು ಹೊಲಿದ ಡ್ರೆಸ್ ಹಾಕ್ಕೊಂಡ್ರೆ ಪೋಸ್ಟ್‌ಮ್ಯಾನ್ ಇದ್ದಂಗೆ ಕಾಣ್ತೈತೆ. ನಿಮ್ಮ ತಮ್ಮಂದು ಐತಲ್ಲ, ಒಂದಿನಕ್ಕೆ ಕೊಡ್ರಿ" ಎಂದ. ಅವನ ಮಾತು ಮುಗಿಯುವಷ್ಟರಲ್ಲಿ ಅವ್ವ ಟ್ರಂಕು ತೆಗೆದಿದ್ದಳು.

ನಾಟಕ ನಡೆದದ್ದು ಮಧ್ಯಾಹ್ನ, ಶಾಲೆಯ ಅಂಗಳದಲ್ಲಿ. ಪರದೆಯ ಹಗ್ಗ ನೋಡಿಕೊಳ್ಳುವುದು ನನ್ನ ಕೆಲಸ. ಗುಂಡು ತಗುಲಿ ರುದ್ರೇಶ ಬಿದ್ದ. ಜನ ಶಿಳ್ಳೆ ಹಾಕಿ "ಒನ್ಸ್ ಮೋರ್!" ಎಂದು ಕೂಗಿದರು. ನಮ್ಮ ಕಡೆ ಹಾಗೆ ಕೂಗಿದರೆ ಪಾತ್ರಧಾರಿ ಅಷ್ಟನ್ನೂ ಮತ್ತೆ ಆಡಲೇಬೇಕು. ರುದ್ರೇಶ ಎದ್ದು, ಮಣ್ಣು ಕೊಡವಿಕೊಂಡು, ಮತ್ತೆ ಸತ್ತ.

"ಏನು ಚೆಂದ ಸಾಯ್ತಾನಲೇ ಇವನು! ಇನ್ನೊಂದು ಸಲ ಸಾಯಾಕೆ ಹೇಳ್ರಿ ಮೇಷ್ಟ್ರೇ" ಎಂದು ಮುಂದಿನ ಸಾಲಿನಲ್ಲಿದ್ದ ಕಿರಾಣಿ ಅಂಗಡಿಯವರು ನಕ್ಕರು.

ನನ್ನಿಂದ ನೋಡಲಾಗಲಿಲ್ಲ. ಪರದೆ ಬಿಡಲು ಹಗ್ಗದ ಗಂಟು ಬಿಚ್ಚತೊಡಗಿದೆ. ಆಗ ಹೆಂಗಸರು ಕುಳಿತಿದ್ದ ಕಡೆಯಿಂದ ಒಂದೇ ಒಂದು ದನಿ ಕೇಳಿತು: "ಒನ್ಸುಮೋರು!" ಅದು ಅವ್ವನ ದನಿ.

ತಿರುಗಿ ನೋಡಿದೆ. ನೆಲದ ಮೇಲೆ ರುದ್ರೇಶ ಬಿದ್ದಿದ್ದ, ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ನಾನು ಗಂಟನ್ನು ಮತ್ತೆ ಬಿಗಿದೆ.

ರುದ್ರೇಶ ಎದ್ದು ನಿಂತಾಗ ಅವ್ವ ಸೆರಗು ತೆಗೆದಳು.