ಭಾವನ ಮನೆಗೆ ಓಡಿಹೋಗುತ್ತಿದ್ದ ನಾಯಿ

ಭಾವನ ಎಡಗಿವಿಯ ಕೆಳತುದಿ ಇರಲಿಲ್ಲ. ಕತ್ತರಿಯಲ್ಲಿ ಕತ್ತರಿಸಿದ ಹಾಗಲ್ಲ, ಎಲೆಯ ಅಂಚನ್ನು ಹುಳ ತಿಂದ ಹಾಗೆ ಅಂಕುಡೊಂಕಾಗಿ ಹೋಗಿತ್ತು. ಮಕ್ಕಳು ಕೇಳಿದರೆ ತಲೆ ಬಗ್ಗಿಸಿ ಮುಟ್ಟಿನೋಡಲು ಕೊಡುತ್ತಿದ್ದರು. "ಧಣಿಗಳ ನಾಯಿ ತಿಂದದ್ದು ಅದು," ಎನ್ನುತ್ತಿದ್ದರು. "ತಪ್ಪು ನಾಯಿಯದ್ದಲ್ಲ, ನನ್ನದು. ಅದು ಊಟ ಮಾಡುವಾಗ ಹತ್ತಿರ ಹೋಗಿ ಬಗ್ಗಿ ನೋಡಿದೆ. ನಿನ್ನ ಬಟ್ಟಲಿಗೆ ಯಾರಾದರೂ ಮುಖ ಹಾಕಿದರೆ ನೀನು ಸುಮ್ಮನೆ ಇರ್ತೀಯಾ?"

ಅವರು ನನ್ನ ಅಕ್ಕನ ಗಂಡ. ಹತ್ತೊಂಬತ್ತು ವರ್ಷ ಗಲ್ಫ್‌ನಲ್ಲಿ ಒಬ್ಬ ದೊಡ್ಡ ಶ್ರೀಮಂತರ ಮನೆಯ ನಾಯಿಗಳನ್ನು ನೋಡಿಕೊಂಡಿದ್ದರು. ಊರಿನವರೆಲ್ಲ ಹೋಟೆಲು, ಆಫೀಸು ಎಂದು ಹೋದರೆ ಇವರು ಹೋದದ್ದು ಅಡುಗೆ ಕೆಲಸಕ್ಕೆ, ಸೇರಿಕೊಂಡದ್ದು ನಾಯಿಮನೆಗೆ. ಆ ಧಣಿ ಪಳಗಿಸಿದ ಗಿಡುಗವನ್ನು ಹಾರಿಬಿಟ್ಟು ಹಕ್ಕಿ ಬೇಟೆಯಾಡುವವರು. ಕುರುಚಲು ಗಿಡಗಳ ನಡುವೆ ಅಡಗಿದ ಹಕ್ಕಿಯನ್ನು ವಾಸನೆಯಿಂದ ಪತ್ತೆ ಮಾಡಲು ನಾಯಿಗಳು ಬೇಕು. ಅವುಗಳಿಗೆ ಉಣಿಸುವುದು, ಓಡಿಸುವುದು, ಪಳಗಿಸುವುದು ಭಾವನ ಕೆಲಸ. ಇಷ್ಟು ವರ್ಷ ಬೇಟೆಯ ಜೊತೆಗಿದ್ದೂ ಅವರು ಒಮ್ಮೆಯೂ ಬಂದೂಕು ಮುಟ್ಟಿದವರಲ್ಲ.

ಊರಿಗೆ ಮರಳಿ ಮಡಂತ್ಯಾರಿನಲ್ಲಿ ಮನೆ ಕಟ್ಟಿಸಿದ ಮೇಲೆ ಭಾನುವಾರ ಬೆಳಿಗ್ಗೆ ಅವರ ಸಿಟೌಟಿನಲ್ಲಿ ಯಾರಾದರೊಬ್ಬರು ಕುಳಿತೇ ಇರುತ್ತಿದ್ದರು. ಬಂಟ್ವಾಳದಿಂದ, ಮೂಡುಬಿದಿರೆಯಿಂದ ಬರುತ್ತಿದ್ದರು. ಯಾವ ನಾಯಿ ಸಾಕುವುದು ಎಂದು ಕೇಳಲು. ಮೊಬೈಲಿನಲ್ಲಿ ಫೋಟೋ ತೋರಿಸಿದರೆ ಭಾವ ಅದನ್ನು ನೋಡುತ್ತಲೇ ಇರಲಿಲ್ಲ. ಮನೆಯಲ್ಲಿ ಯಾರ್ಯಾರು ಇದ್ದಾರೆ, ಅಜ್ಜಿಗೆ ನಾಯಿ ಹೆದರಿಕೆ ಉಂಟಾ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ, ಕೊನೆಗೆ, ನಿಮಗೆ ಸಿಟ್ಟು ಬಂದರೆ ಎಂತ ಮಾಡುತ್ತೀರಿ ಎಂದೆಲ್ಲ ಕೇಳುತ್ತಿದ್ದರು. ಆಳೆತ್ತರದ ನಾಯಿ ಬೇಕೆಂದು ಬಂದ ಒಬ್ಬ ಹೋಟೆಲು ಮಾಲಕರಿಗೆ ಇಷ್ಟೂ ಕೇಳಿ, ಪೇಟೆಯ ಮೀನಿನ ಅಂಗಡಿಯ ಹಿಂದೆ ಹುಟ್ಟಿದ ಒಂದು ಕಂದು ಮರಿಯನ್ನು ಕೊಟ್ಟು ಕಳಿಸಿದ್ದರು. ಆ ಮನುಷ್ಯ ಮುಂದಿನ ವರ್ಷ ಹಲಸಿನಹಣ್ಣು ಹಿಡಿದುಕೊಂಡು ಬಂದು, ಅಂಥ ನಾಯಿಯೇ ಇಲ್ಲ ಎಂದು ಹೊಗಳಿ ಹೋದರು.

ಇದನ್ನೆಲ್ಲ ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದೆ. ಹೊಟ್ಟೆಯೊಳಗೆ ಉರಿಯುತ್ತಿತ್ತು.

ಆ ಉರಿ ಹಳೆಯದು. ನನ್ನ ತಾಯಿ ತೀರಿಕೊಂಡಾಗ ನನಗೆ ಐದು ವರ್ಷ. ಆಮೇಲೆ ಅನ್ನ ಕಲಸಿ ಕೊಟ್ಟವಳು, ಶಾಲೆಗೆ ಕರೆದುಕೊಂಡು ಹೋದವಳು, ಜ್ವರ ಬಂದರೆ ಬಳಿಯಲ್ಲಿ ಮಲಗಿದವಳು ಅಕ್ಕ. ನನಗೆ ಹನ್ನೊಂದಾದಾಗ ಅವಳು ಮದುವೆಯಾಗಿ ಭಾವನ ಮನೆ ಸೇರಿದಳು. ಮದುವೆಯ ಆಲ್ಬಮಿನಲ್ಲಿ ನಾನಿರುವ ಒಂದೊಂದು ಫೋಟೋದಲ್ಲೂ ಮುಖ ಗಂಟು ಹಾಕಿಕೊಂಡಿದ್ದೇನೆ. ಭಾವ ಎರಡು ವರ್ಷಕ್ಕೊಮ್ಮೆ ಊರಿಗೆ ಬರುವಾಗ ನನಗೆಂದೇ ಶೂ, ವಾಚು, ಚಾಕಲೇಟು ತರುತ್ತಿದ್ದರು. ತೆಗೆದುಕೊಳ್ಳುತ್ತಿದ್ದೆ, ಆದರೆ ಅವರೆದುರು ಒಂದನ್ನೂ ಮುಟ್ಟುತ್ತಿರಲಿಲ್ಲ. ಅವರು ಬರುವ ದಿನ ಹತ್ತಿರವಾದಂತೆ ಅಕ್ಕನ ನಡಿಗೆಯೇ ಬದಲಾಗುತ್ತಿತ್ತು. ಅದನ್ನು ನೋಡುವುದು ನನಗೆ ಸಂಕಟ. ದೊಡ್ಡವನಾದೆ, ವೇಣೂರಿನಲ್ಲಿ ಪೈಂಟಿನ ಅಂಗಡಿ ಇಟ್ಟೆ, ಮದುವೆಯಾದೆ, ಮಗಳೂ ಹುಟ್ಟಿದಳು. ಸಂಕಟ ಮಾತ್ರ ಹನ್ನೊಂದು ವರ್ಷದ ಹುಡುಗನದೇ ಆಗಿ ಉಳಿಯಿತು.

ನಾಯಿ ಸಾಕುವ ಯೋಚನೆ ಬಂದದ್ದು ನವಿಲುಗಳಿಂದ. ನಮ್ಮದು ಹೊಳೆಯ ಬದಿಯಲ್ಲಿ ಸ್ವಲ್ಪ ಗದ್ದೆ. ಬಿತ್ತಿದ ಬೀಜ ಮೊಳಕೆಯೊಡೆಯುವ ಮೊದಲೇ ಹತ್ತು ಹದಿನೈದು ನವಿಲುಗಳು ಇಳಿದು ಹೆಕ್ಕಿ ಹೋಗುತ್ತಿದ್ದವು. ಅವುಗಳನ್ನು ಮುಟ್ಟುವ ಹಾಗಿಲ್ಲ, ಅಟ್ಟಬಹುದು ಅಷ್ಟೆ. ಆಗ ನಾನು ಮೊಬೈಲಿನಲ್ಲಿ ಪಾಯಿಂಟರ್ ಎಂಬ ಬೇಟೆನಾಯಿಯನ್ನು ನೋಡಿದೆ. ಹಕ್ಕಿಯ ವಾಸನೆ ಸಿಕ್ಕಿದೊಡನೆ ಮುಂಗಾಲು ಎತ್ತಿ, ಬಾಲ ನೆಟ್ಟಗೆ ಮಾಡಿ, ಕಲ್ಲಿನಲ್ಲಿ ಕಡೆದ ಹಾಗೆ ನಿಲ್ಲುವ ನಾಯಿ. ಅಂಥದ್ದೊಂದು ನನ್ನ ಗದ್ದೆಯ ಅಂಚಿನ ಹುಣಿಯ ಮೇಲೆ ನಿಂತರೆ ಹೇಗಿರಬಹುದು! ಅಕ್ಕನ ಒತ್ತಾಯಕ್ಕೆ ಭಾವನನ್ನು ಕೇಳಿದೆ.

"ಪಾಯಿಂಟರ್ ಒಳ್ಳೆಯ ನಾಯಿ," ಎಂದರು ಭಾವ. "ಆದರೆ ನಿನ್ನ ಮನೆಗೆ ಬೇಡ ಮಾರಾಯ. ಅದಕ್ಕೆ ದಿವಸಕ್ಕೆ ಮೈಲುಗಟ್ಟಲೆ ಓಡಬೇಕು. ಇಲ್ಲದಿದ್ದರೆ ಮನೆಯನ್ನೇ ಅಗೆದು ಹಾಕ್ತದೆ."

"ಹಾಗಾದರೆ ಸೆಟ್ಟರ್ ಜಾತಿಯದ್ದು?"

"ಉದ್ದ ಕೂದಲು. ನಮ್ಮ ಸೆಕೆಗೂ ಉಣ್ಣಿಗೂ ಪಾಪ, ಸತ್ತೇ ಹೋದೀತು. ಸ್ಪೇನಿಯಲ್ ತೆಕ್ಕೊ. ಸಣ್ಣದು, ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸ್ತದೆ, ಮಗುವಿನ ಜೊತೆ ಆಡ್ತದೆ. ಮಳೆಗಾಲದಲ್ಲಿ ಕಿವಿ ಒರೆಸಿಕೊಂಡಿದ್ದರೆ ಆಯ್ತು. ನೋಡು, ನಾಯಿ ಹಕ್ಕಿಯನ್ನು ನೋಡುವುದು ದಿವಸಕ್ಕೆ ಒಂದು ಗಂಟೆ. ಉಳಿದ ಹೊತ್ತೆಲ್ಲ ಅದು ನೋಡುವುದು ನಿನ್ನ ಹೆಂಡತಿಯ ಮುಖ. ಅವಳಿಗೆ ಯಾವುದು ಆಗ್ತದೆ, ಅದನ್ನು ತರುವ."

ಅವರ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಎರಡೇ ವಾರದಲ್ಲಿ ಪರಿಚಯದವರೊಬ್ಬರ ಮೂಲಕ ಪಾಯಿಂಟರ್ ಮರಿಯನ್ನೇ ತಂದೆ. ಹೆಣ್ಣು. ಬಿಳಿ ಮೈ, ಅದರ ತುಂಬ ಕಂದು ಚುಕ್ಕಿ. ಮಗಳು ಚುಕ್ಕಿ ಎಂದೇ ಹೆಸರಿಟ್ಟಳು.

ಆರು ತಿಂಗಳಾಗುವಷ್ಟರಲ್ಲಿ ಭಾವ ಹೇಳಿದ್ದೆಲ್ಲ ಆಯಿತು. ಚುಕ್ಕಿ ಅಂಗಳ ಅಗೆದಳು, ಚಪ್ಪಲಿ ತಿಂದಳು, ಹಗ್ಗ ಕಡಿದುಕೊಂಡು ಪಕ್ಕದ ಮನೆಯ ಕೋಳಿಗಳ ಹಿಂದೆ ಬಿದ್ದಳು. ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಒಂದು ದಿನ ಮದುಮಗಳಿಗೆಂದು ಹೊಲಿದಿಟ್ಟ ರವಿಕೆಯನ್ನು ಚುಕ್ಕಿ ಎಳೆದುಕೊಂಡು ಹೋಗಿ ಚಿಂದಿ ಮಾಡಿದಳು. ಹೆಂಡತಿ ಅತ್ತಳು. "ಒಂದೋ ಇದು, ಇಲ್ಲ ನಾನು," ಎಂದಳು. ಬೇರೆ ದಾರಿಯಿರಲಿಲ್ಲ. ಚುಕ್ಕಿಯನ್ನು ವ್ಯಾನಿಗೆ ಹತ್ತಿಸಿ ಮಡಂತ್ಯಾರಿಗೆ ಹೋದೆ.

ನಾನು ಹೇಳಿರಲಿಲ್ಲವಾ ಎಂದು ಭಾವ ಕೇಳಲಿಲ್ಲ. ಕೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಚುಕ್ಕಿಯೆದುರು ಕುಕ್ಕರುಗಾಲಿನಲ್ಲಿ ಕುಳಿತು, ಅಂಗೈ ಮೂಸಲು ಕೊಟ್ಟು, "ಚಂದದ ನಾಯಿ. ನನ್ನ ಹತ್ತಿರ ನಾಲ್ಕು ತಿಂಗಳು ಇರಲಿ," ಎಂದರು ಅಷ್ಟೆ.

ಮೂರು ತಿಂಗಳು ಕಳೆದ ಮೇಲೆ ಮಗಳನ್ನು ಕರೆದುಕೊಂಡು ನೋಡಲು ಹೋದೆ. ಬೆಳಿಗ್ಗೆ ಭಾವ ಕೊಯ್ಲಾದ ಗದ್ದೆಗೆ ಕರೆದೊಯ್ದರು. ಹಗ್ಗವಿಲ್ಲದ ಚುಕ್ಕಿ ಅತ್ತಿತ್ತ ಗೀರು ಎಳೆದಂತೆ ಓಡಿ, ನೀರಿನ ತೋಡಿನ ಬದಿಯ ಪೊದೆಯ ಹತ್ತಿರ ಗಕ್ಕನೆ ನಿಂತಳು. ಮುಂಗಾಲು ಮಡಚಿದೆ, ಬಾಲ ನೆಟ್ಟಗಿದೆ, ಮೂಗು ಮಾತ್ರ ನಡುಗುತ್ತಿದೆ. ನಾನು ಕನಸು ಕಂಡ ಹಾಗೆಯೇ. ಭಾವ ನಿಧಾನ ನಡೆದುಹೋಗಿ ಪೊದೆಯನ್ನು ಕಾಲಿನಿಂದ ಅಲ್ಲಾಡಿಸಿದರು. ಎರಡು ಹುಂಡುಕೋಳಿಗಳು ಪಟಪಟನೆ ಎದ್ದು ಹಾರಿದವು. ಭಾವ ಅಂಗೈ ಕೆಳಗೆ ಮಾಡಿದರು. ಚುಕ್ಕಿ ಕುಳಿತಳು. ಕುಳಿತವಳು ಹಾರಿಹೋದ ಹಕ್ಕಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಭಾವನ ಮುಖವನ್ನೇ ನೋಡುತ್ತಿದ್ದಳು.

ಮಗಳು ಚಪ್ಪಾಳೆ ತಟ್ಟಿ, "ಮಾವಾ, ಇನ್ನೊಂದು ಸಲ!" ಎಂದು ಅವರ ಕೈ ಹಿಡಿದು ಜೋತಾಡಿದಳು.

"ಸಾಕು, ಇವತ್ತೇ ಕರೆದುಕೊಂಡು ಹೋಗ್ತೇನೆ," ಎಂದೆ.

"ಇನ್ನೊಂದು ತಿಂಗಳು ಬಿಡು. ಅವಳು ನಿನ್ನ ಕೈಗೆ ಹೊಂದಿಕೊಳ್ಳಬೇಕು. ನೀನೂ ವಾರಕ್ಕೆ ಎರಡು ಸಲ ಬಾ, ಜೊತೆಯಲ್ಲೇ ಕಲಿಸುವ."

"ಬೇಡ ಭಾವ. ನಾಯಿ ನನ್ನದಲ್ಲವಾ?"

ಅವರು ಚುಕ್ಕಿಯ ಬಟ್ಟಲನ್ನು ತೊಳೆದು ವ್ಯಾನಿನಲ್ಲಿಟ್ಟರು.

ವೇಣೂರಿಗೆ ಬಂದ ಚುಕ್ಕಿ ಗೇಟಿನ ಹತ್ತಿರ ರಸ್ತೆಗೆ ಮುಖ ಮಾಡಿ ಕುಳಿತಳು. ಕರೆದರೆ ಕಿವಿ ಅಲ್ಲಾಡಿಸುವಳು, ಏಳುತ್ತಿರಲಿಲ್ಲ. ನಾಲ್ಕನೆಯ ದಿನ ಕಾಣೆಯಾದಳು. ಮರುದಿನ ಮಧ್ಯಾಹ್ನ ಅಕ್ಕ ಫೋನು ಮಾಡಿದಳು. ಬಸ್ಸಿನಲ್ಲಾದರೆ ಗುರುವಾಯನಕೆರೆಯಲ್ಲಿಳಿದು ಇನ್ನೊಂದು ಹಿಡಿಯಬೇಕಾದ ದೂರ ಅದು. ಯಾವ ದಾರಿಯಲ್ಲಿ ಹೋದಳೋ, ಅಂಗಾಲು ಒಡೆದು ರಕ್ತ ಬರುತ್ತಿತ್ತು. ನಾನು ತಲುಪಿದಾಗ ಭಾವ ಅವಳ ಕಾಲಿಗೆ ಅರಿಶಿನ ಹಚ್ಚುತ್ತಿದ್ದರು. ಚುಕ್ಕಿ ತಲೆಯನ್ನು ಅವರ ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದ್ದಳು.

ಆಗ ನನ್ನ ಬಾಯಿಂದ ಬಂತು. "ನಿಮಗೆ ಎಲ್ಲವೂ ನಿಮ್ಮದೇ ಆಗಬೇಕು ಅಲ್ಲವಾ ಭಾವ? ಮೊದಲು ಅಕ್ಕನನ್ನು ಕೊಂಡುಹೋದಿರಿ. ಈಗ ನಾಯಿಯನ್ನೂ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಭಾವ ಅರಿಶಿನದ ಕೈಯನ್ನು ಹೆಗಲ ಮೇಲಿನ ಬೈರಾಸಿಗೆ ಒರೆಸಿಕೊಂಡು ಎದ್ದರು. "ಇನ್ನು ಅವಳು ಇಲ್ಲಿಗೆ ಬರದ ಹಾಗೆ ಮಾಡ್ತೇನೆ," ಎಂದು ಒಳಗೆ ಹೋದರು.

ಚುಕ್ಕಿ ಇನ್ನೂ ಮೂರು ಸಲ ಓಡಿಹೋದಳು. ಪ್ರತಿ ಸಲವೂ ಅಕ್ಕನ ಫೋನು, ನನ್ನ ವ್ಯಾನು. ಮೊದಲೆರಡು ಸಲ ನಾನು ಹೋದಾಗ ಭಾವ ಹೊರಗೆ ಕಾಣಲಿಲ್ಲ. ಪೇಟೆಗೆ ಹೋಗಿದ್ದಾರೆ ಎಂದಳು ಅಕ್ಕ. ಮೂರನೆಯ ಸಲ ಚುಕ್ಕಿಯ ಮೈಯೆಲ್ಲ ಒದ್ದೆಯಾಗಿತ್ತು. ಭಾವನೇ ಗದರಿಸಿ, ಕೊಡಪಾನದ ನೀರು ಎರಚಿ ಓಡಿಸಿದರಂತೆ. ಅವಳು ಗೇಟಿನ ಹೊರಗೆ ಕುಳಿತು ನಡುಗುತ್ತಿದ್ದಳು. ನಾನು ಎತ್ತಿಕೊಂಡೆ. ಆ ದಿನ ಮೊದಲ ಬಾರಿಗೆ ಅವಳು ನನ್ನ ಕುತ್ತಿಗೆಯ ಸಂದಿಯಲ್ಲಿ ಮೂಗು ತೂರಿಸಿದಳು.

ಆಮೇಲೆ ಓಡಲಿಲ್ಲ. ನನ್ನವಳಾದಳು. ಬೆಳಿಗ್ಗೆ ನನ್ನೊಂದಿಗೆ ಗದ್ದೆಗೆ ಬಂದು ನವಿಲುಗಳನ್ನು ಎಬ್ಬಿಸುವಳು, ಒಂದರ ಗರಿಯನ್ನೂ ಕಚ್ಚಿದವಳಲ್ಲ. ನಾನು ವಿಡಿಯೋ ಮಾಡಿ ಊರಿನ ಗ್ರೂಪುಗಳಿಗೆಲ್ಲ ಕಳಿಸಿದೆ. ಯಾರು ಪಳಗಿಸಿದ್ದು ಎಂದು ಕೇಳಿದವರಿಗೆ ನಾನೇ ಎಂದೆ. ಭಾವ ಪೂಜೆಗೋ ಊಟಕ್ಕೋ ನಮ್ಮ ಮನೆಗೆ ಬಂದರೆ ಚುಕ್ಕಿ ಬಾಲ ತಗ್ಗಿಸಿಕೊಂಡು ಹತ್ತಿರ ಹೋಗಿ ನಿಲ್ಲುವಳು. ಅವರು ಅವಳತ್ತ ನೋಡದೆ ಯಾರೊಂದಿಗಾದರೂ ಮಾತಿಗೆ ತೊಡಗುವರು. ನನ್ನ ಮಾತಿಗೆ ಮುನಿಸಿಕೊಂಡಿದ್ದಾರೆ ಎಂದುಕೊಂಡೆ. ಮುನಿಸಿಕೊಳ್ಳಲಿ ಎಂದೂ ಅಂದುಕೊಂಡೆ. ಅವರು ಸೋತದ್ದನ್ನು ನಾನು ಜೀವನದಲ್ಲಿ ನೋಡಿದ್ದು ಅದೊಂದೇ ಸಲ ಎಂಬ ಖುಷಿ ನನಗೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಭಾವ ಹೃದಯಾಘಾತವಾಗಿ ತೀರಿಕೊಂಡರು. ಆಸ್ಪತ್ರೆಯಲ್ಲಿದ್ದದ್ದು ಎರಡೇ ದಿನ. ನಾನು ನೋಡಲು ಹೋದಾಗ, "ಉಣ್ಣಿಗೆ ಔಷಧಿ ಹಾಕಿದೆಯಾ? ಮಳೆ ಬಿಟ್ಟ ಕೂಡಲೇ ಜಾಸ್ತಿ ಆಗ್ತದೆ," ಎಂದರು. ನನ್ನೊಡನೆ ಅವರಾಡಿದ ಕೊನೆಯ ಮಾತು ಅದು.

ಉತ್ತರಕ್ರಿಯೆ ಮುಗಿದು ನೆಂಟರು ಹೊರಟ ಮೇಲೆ ನಾನು, ಅಕ್ಕ ಅಡುಗೆಮನೆಯಲ್ಲಿ ಕುಳಿತಿದ್ದೆವು. ಅವಳು ಕಿಟಕಿಯತ್ತ ನೋಡುತ್ತ ಹೇಳಿದಳು:

"ಚುಕ್ಕಿ ಓಡಿ ಬಂದಾಗ ಅವರು ಪೇಟೆಗೆ ಹೋದದ್ದು ಅಂತ ಹೇಳಿದ್ದೆ ಅಲ್ಲವಾ, ಅದು ಸುಳ್ಳು. ಈ ಕಿಟಕಿಯ ಸರಳು ಹಿಡಿದು ಇಲ್ಲೇ ನಿಂತಿದ್ದರು. ಅದು ಮೆಟ್ಟಿಲ ಮೇಲೆ ಮಲಗಿ ಕುಂಯ್‌ಗುಟ್ಟುತ್ತಾ ಇತ್ತು. ಅವರು ಊಟವೂ ಮಾಡಲಿಲ್ಲ. ನೀರು ಹಾಕಿದ ದಿವಸ ಒಳಗೆ ಬಂದು ಈ ಮಣೆಯ ಮೇಲೆ ಕೂತು ಅತ್ತರು ಮಾರಾಯ. ನಮ್ಮ ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ."

ನಾನು ಆ ಮಣೆಯನ್ನು ನೋಡಿದೆ.

"ಇಷ್ಟು ಸಂಕಟ ಯಾಕೆ, ತಮ್ಮನ ಹತ್ತಿರ ಕೇಳಿ ಇಟ್ಟುಕೊಳ್ಳುವ, ನಾನು ಕೇಳ್ತೇನೆ ಅಂದೆ. ಬೇಡ ಅಂದರು. 'ಅವನು ಹೇಳಿದ್ದು ಸುಳ್ಳಲ್ಲ. ತಾಯಿ ಇಲ್ಲದ ಹುಡುಗನ ಕೈಯಿಂದ ನಿನ್ನನ್ನು ಬಿಡಿಸಿಕೊಂಡು ಬಂದವ ನಾನು. ಅವ ಬಾಗಿಲ ಹತ್ತಿರ ನಿಂತು ನೋಡ್ತಾ ಇದ್ದ. ಇದಾದರೂ ಅವನಿಗೇ ಇರಲಿ' ಅಂದರು."

ಅಕ್ಕ ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋದಳು. ನಾನು ಅಲ್ಲೇ ಕುಳಿತೆ. ಇಷ್ಟು ವರ್ಷ ಅವರಿಗೆ ಗೊತ್ತೇ ಇಲ್ಲ ಎಂದುಕೊಂಡು ಒಳಗೊಳಗೇ ಬೇಯಿಸಿಕೊಂಡದ್ದನ್ನೆಲ್ಲ ಅವರು ಮದುವೆಯ ದಿನವೇ ನೋಡಿದ್ದರು. ನಾಚಿಕೆಯಾಯಿತು. ಅದರ ಜೊತೆಗೆ, ಹೇಳಬಾರದು, ಮತ್ತೆ ಅದೇ ಉರಿ. ಪ್ರೀತಿಸಿದ್ದನ್ನು ಹಾಗೆ ಬಿಟ್ಟುಕೊಡುವುದು ನನ್ನಿಂದ ಈ ಜನ್ಮದಲ್ಲಿ ಆಗದು. ಅದರಲ್ಲೂ ಅವರೇ ಮೇಲಾದರು.

ಮರುವಾರ ಚುಕ್ಕಿಯನ್ನು ಮಡಂತ್ಯಾರಿಗೆ ಕರೆದುಕೊಂಡು ಹೋದೆ. ಬಾಗಿಲು ತೆರೆದೊಡನೆ ಇಳಿದು, ನೀರೆರಚಿಸಿಕೊಂಡ ಮೇಲೆ ಮೊದಲ ಸಲ ಆ ಮೆಟ್ಟಿಲು ಹತ್ತಿದಳು. ಯಾರೂ ತಡೆಯಲಿಲ್ಲ. ಒಂದೊಂದೇ ಕೋಣೆಗೆ ಹೋಗಿ ಮೂಸಿದಳು. ಮಂಚದ ಕೆಳಗೆ ನುಗ್ಗಿದಳು, ಹಿತ್ತಿಲಿಗೆ ಹೋದಳು, ಗದ್ದೆಯ ತನಕ ಓಡಿ ಬಂದಳು. ಮತ್ತೊಮ್ಮೆ ಮೊದಲಿನಿಂದ ಎಲ್ಲ ಕೋಣೆ ಹುಡುಕಿದಳು. ಸಂಜೆಯಾಗುವ ತನಕ ಕಾದೆ. ಅವಳು ಅಕ್ಕನ ಬಳಿ ಉಳಿದರೆ ಉಳಿಯಲಿ ಎಂದು ಬಟ್ಟಲನ್ನೂ ತಂದಿದ್ದೆ.

ಹೊರಡುವಾಗ ವ್ಯಾನಿನ ಬಾಗಿಲು ತೆರೆದೆ. ಕರೆಯಲಿಲ್ಲ. ಒಂದು ಕಾಲದಲ್ಲಿ ಈ ನಾಯಿ ಅವರನ್ನು ಬಿಟ್ಟು ತಾನಾಗಿ ನನ್ನ ವ್ಯಾನು ಹತ್ತಬೇಕು ಎಂದು ಹಪಹಪಿಸಿದವ ನಾನು. ಆ ಸಂಜೆ ಮಾತ್ರ, ಹತ್ತಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಚುಕ್ಕಿ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ನಿಧಾನವಾಗಿ ಬಂದು, ನನ್ನ ಕಾಲಿಗೆ ಮೈ ತಾಗಿಸಿಕೊಂಡೇ ಹಾದು, ಹತ್ತಿ ಕುಳಿತಳು.