ಹಿಂದೆ ಯಾರೂ ಇಲ್ಲ ಅಂದೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಏನೋ ನೆಪ ಹುಡುಕಿ ಎದ್ದಿದ್ದೇನೆ. ಹೆಂಡತಿಗೂ ಹೇಳಿರಲಿಲ್ಲ; ಈಗ ಅವಳಿಲ್ಲ. ಇನ್ನೂ ಮುಂದೂಡಿದರೆ ಹೇಳಲು ನಾನೂ ಇರುವುದಿಲ್ಲ.

ಅರವತ್ತರ ದಶಕದ ಆರಂಭ. ಶರಾವತಿಗೆ ಅಣೆಕಟ್ಟು ಏಳುತ್ತಿತ್ತು. ಹೈಸ್ಕೂಲು ಮುಗಿಸಿದ್ದ ನನಗೆ ಸಾಗರದಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತ್ತು. ಮುಳುಗುವ ಊರುಗಳವರಿಗೆ ಬದಲಿ ಜಮೀನು ಕೊಡುವ ಕಚೇರಿ ಅದು. ನಾನಿದ್ದದ್ದು ಹೊಳೆಯಾಚೆ, ಹೊಸನಗರದ ಕಡೆಯ ಒಂದು ಹಳ್ಳಿಯಲ್ಲಿ, ಅಕ್ಕನ ಮನೆಯಲ್ಲಿ. ದಿನಾ ಬಸ್ಸಿಗೆ ಕೊಡುವಷ್ಟು ಸಂಬಳವಿರಲಿಲ್ಲ. ಹೋಗುತ್ತಾ ಹದಿನಾರು ಮೈಲಿ, ಬರುತ್ತಾ ಹದಿನಾರು ಮೈಲಿ ಸೈಕಲ್ ತುಳಿಯುತ್ತಿದ್ದೆ. ನಡುವೆ ಹೊಳೆಗೆ ದೋಣಿ.

ಮೊದಮೊದಲು ಎರಡೂವರೆ ಗಂಟೆ ಹಿಡಿಯುತ್ತಿತ್ತು. ಎರಡು ಗಂಟೆಯೊಳಗೆ ಮುಟ್ಟಬೇಕೆಂಬ ಹುಚ್ಚು ಹತ್ತಿತು. ಭಾರ ಕಡಿಮೆಯಾಗಲೆಂದು ಮಡ್‌ಗಾರ್ಡ್ ಬಿಚ್ಚಿಟ್ಟೆ, ಕ್ಯಾರಿಯರ್ ಬಿಚ್ಚಿಟ್ಟೆ. ಸೀಟು ಎತ್ತರಿಸಿ, ಚೈನಿಗೆ ಎಣ್ಣೆ ಬಿಟ್ಟು, ಟೈರು ಕಲ್ಲಿನಂತಾಗುವವರೆಗೆ ಗಾಳಿ ಹೊಡೆಯುತ್ತಿದ್ದೆ. ಏರಿನಲ್ಲಿ ಎದೆ ಒಡೆಯುವಂತೆ ತುಳಿದರೂ ಉಳಿಯುತ್ತಿದ್ದುದು ಒಂದೆರಡು ನಿಮಿಷ. ಹೊತ್ತು ಹೋಗುತ್ತಿದ್ದುದು ಅಲ್ಲಲ್ಲಿ ನಿಲ್ಲುವುದರಲ್ಲಿ ಎಂದು ನಿಧಾನವಾಗಿ ತಿಳಿಯಿತು. ಗುರುತಿನವರು ಕರೆದರೂ ಬೆಲ್ ಹೊಡೆದು ಮುಂದೆ ಹೋಗುವುದನ್ನು ಕಲಿತೆ. ದೋಣಿ ಮಾತ್ರ ನನ್ನ ಕೈಯಲ್ಲಿರಲಿಲ್ಲ. ಬಂದವರನ್ನು ಅಂಬಿಗ, ಹಿಂದೆ ಯಾರಾದರೂ ಇದ್ದಾರೆಯೇ ಎಂದು ಕೇಳುವುದು ರೂಢಿ. ಇದ್ದಾರೆ ಎಂದರೆ ಅವರು ಬರುವ ತನಕ ದೋಣಿ ಬಿಡುತ್ತಿರಲಿಲ್ಲ.

ಕಚೇರಿಯಲ್ಲಿ ಗೇಲಿ ಬೇರೆ. "ಓಹೋ, ನಮ್ಮ ಮೇಲ್ ಬಸ್ಸು ಬಂತು! ಇವತ್ತು ಎಷ್ಟ್ ಹೊತ್ತಾಯ್ತು ಮಾರಾಯ?"

"ಎರಡು ಗಂಟೆ ಹತ್ತು ನಿಮಿಷ."

"ಥೂ, ಎಮ್ಮೆ ಮೇಲೆ ಕೂತಿದ್ರೂ ಇಷ್ಟೊತ್ತಿಗೆ ಬರ್ತಿದ್ದೆ!"

ಅದೊಂದು ಬೇಸಿಗೆಯ ಬೆಳಿಗ್ಗೆ. ಕಾಲು ಚೆನ್ನಾಗಿ ಓಡುತ್ತಿತ್ತು. ಹೊಳೆಗೆ ಅರ್ಧ ಮೈಲಿ ಇರುವಾಗ ಒಬ್ಬರು ಹೆಗಲ ಮೇಲೆ ಗಂಟು ಹಾಕಿಕೊಂಡು ಬಿರಬಿರನೆ ನಡೆಯುತ್ತಿದ್ದರು. ಕಚೇರಿಗೆ ಅಣ್ಣನ ಜೊತೆ ಬರುತ್ತಿದ್ದ ರೈತ. ಆ ದಿನ ಅಣ್ಣತಮ್ಮಂದಿರಿಬ್ಬರೂ ನಕ್ಷೆ ನೋಡಿ ಜಮೀನು ಆರಿಸಿಕೊಳ್ಳಬೇಕಿತ್ತು.

"ರಾಯ್ರೇ, ಹಿಂದೆ ಕೂರಿಸ್ಕಳ್ತೀರಾ? ಅಣ್ಣ ನಿನ್ನೇನೇ ಹೋದ. ರಾತ್ರಿ ದನ ಕರ ಹಾಕ್ತು, ನಂಗೆ ಹೊರಡಕ್ಕೆ ಆಗ್ಲಿಲ್ಲ."

"ಕ್ಯಾರಿಯರ್ ಇಲ್ವಲ್ಲ ಮಾರಾಯ್ರೆ," ಎಂದೆ, ನಿಲ್ಲದೆ.

"ಅದನ್ನೂ ಬಿಚ್ಚಿದ್ರಾ! ಹೋಗ್ಲಿ, ದೋಣಿ ಚೂರು ನಿಲ್ಸಕ್ಕೆ ಹೇಳಿ. ಓಡ್ಕಂಡು ಬಂದೆ!"

"ಹ್ಞೂಂ," ಎಂದೆ.

ಆಚೆ ದಡದಿಂದ ಸಾಗರಕ್ಕೆ ಬೆಳಗಿನ ಬಸ್ಸಿತ್ತು. ಆ ದೋಣಿ ತಪ್ಪಿದರೆ ಬಸ್ಸೂ ತಪ್ಪುತ್ತದೆಂದು ನನಗೆ ಗೊತ್ತಿತ್ತು. ಹೊಳೆ ಮುಟ್ಟಿ ಗಡಿಯಾರ ನೋಡಿದೆ. ಅಷ್ಟು ಬೇಗ ನಾನು ಅಲ್ಲಿಗೆ ಎಂದೂ ಬಂದಿರಲಿಲ್ಲ.

"ಹಿಂದೆ ಯಾರಾದ್ರೂ ಇದಾರಾ ರಾಯ್ರೇ?" ಅಂಬಿಗ ಕೇಳಿದ.

"ಯಾರೂ ಇಲ್ಲ," ಎಂದೆ.

ನಡುಹೊಳೆಯಲ್ಲಿ ಹಿಂದಿನಿಂದ ಕೂಗು ಕೇಳಿಸಿತು. ಅಂಬಿಗ ಹುಟ್ಟು ನಿಲ್ಲಿಸಿ, "ಯಾರೋ ಕರೆದಂಗಾಯ್ತಲ್ಲ?" ಎಂದ.

"ದನ ಕಾಯೋರು ಇರ್ಬೇಕು. ನಡಿ," ಎಂದೆ. ತಿರುಗಿ ನೋಡಲಿಲ್ಲ.

ಆ ದಿನ ಎರಡು ಗಂಟೆಯೊಳಗೆ ಕಚೇರಿ ಸೇರಿದೆ. ಗೇಲಿ ಮಾಡುತ್ತಿದ್ದವರೇ ಬೆನ್ನು ತಟ್ಟಿದರು. ಹೆಸರು ಕೂಗುವ ಕೆಲಸ ನನ್ನದಾಗಿತ್ತು. ಅಣ್ಣನ ಸರದಿ ಬಂತು. ಅವರು ಕೆರೆಯ ಕೆಳಗಿನ ಒಂದು ತುಂಡು ಆರಿಸಿಕೊಂಡು, ಪಕ್ಕದ್ದನ್ನು ಬೆರಳಲ್ಲಿ ಒತ್ತಿ ಹಿಡಿದು ಹೇಳಿದರು, "ಇದು ತಮ್ಮನಿಗೆ ಸ್ವಾಮಿ." ತಮ್ಮನ ಹೆಸರನ್ನು ಮೂರು ಸಲ ಕೂಗಿದೆ. ಯಾರೂ ಬರಲಿಲ್ಲ.

"ಬರ್ತಾ ಇರ್ತಾನೆ ಸ್ವಾಮಿ, ಒಂದು ಗಳಿಗೆ ನಿಲ್ಲಿ," ಎಂದು ಅಣ್ಣ ಕೈಮುಗಿದರು.

ಸಾಹೇಬರು ನನ್ನತ್ತ ತಿರುಗಿದರು. "ನೀವು ಅದೇ ದಾರಿಲಿ ಬರೋದಲ್ವೇನ್ರಿ? ಸಿಕ್ಕಿದ್ರಾ?"

ಸಿಕ್ಕಿದ್ದರು ಎಂದರೆ ಸಾಹೇಬರು ಕಾಯುತ್ತಿದ್ದರೇನೋ. ಆದರೆ ದೋಣಿ ಏಕೆ ತಪ್ಪಿತೆಂಬ ಮಾತೂ ಬರುತ್ತಿತ್ತು. "ಇಲ್ಲ ಸಾರ್," ಎಂದೆ. ಮುಂದಿನ ಹೆಸರು ಕೂಗಲು ಹೇಳಿದರು. ಕೂಗಿದೆ. ಅಣ್ಣನ ಬೆರಳಿನ ಕೆಳಗಿದ್ದ ತುಂಡು ಬೇರೆಯವರದಾಯಿತು.

ಮಧ್ಯಾಹ್ನ ತಮ್ಮ ಬಂದರು. ಕಾಲೆಲ್ಲ ಧೂಳು. ಉಳಿದಿದ್ದದ್ದು ದೂರದ ಗುಡ್ಡದ ಮೇಲಿನ ಜಮೀನು ಒಂದೇ. ಹೆಬ್ಬೆಟ್ಟು ಒತ್ತಿ ಹೊರಗೆ ಬಂದು ಜಗಲಿಯಲ್ಲಿ ನನ್ನ ಪಕ್ಕ ಕುಕ್ಕರಿಸಿದರು.

"ನೀವು ಹೇಳೇ ಇರ್ತೀರಿ ರಾಯ್ರೇ. ಆ ಅಂಬಿಗಂದೇ ಅವಸರ. ಅಷ್ಟು ಕೂಗಿದ್ರೂ ತಿರುಗಿ ನೋಡ್ಲಿಲ್ಲ."

ಕೆಲಸವಿದೆ ಎಂದು ನಾನು ಎದ್ದು ಒಳಗೆ ಹೋದೆ. ಊರು ಬಿಡುವ ದಿನ ಅವರ ಊರಿನವರೆಲ್ಲ ಕೆರೆಯ ಕಡೆಗೆ ಗಾಡಿ ಹೂಡಿದರು. ಇವರ ಗಾಡಿಯೊಂದೇ ಬೇರೆ ದಾರಿ ಹಿಡಿಯಿತು.

ನಿವೃತ್ತನಾದ ಮೇಲೆ ಆ ಗುಡ್ಡ ಹುಡುಕಿಕೊಂಡು ಹೋದೆ. ಮಗ ಸಿಕ್ಕಿದ. ತಂದೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ನಾನು ಹಳೆಯ ಕಚೇರಿಯವನು ಎಂದಾಗ ಬೆಲ್ಲದ ಕಾಫಿ ತಂದುಕೊಟ್ಟು, "ಸೈಕಲ್ ರಾಯ್ರು ಅಂತಿದ್ದ ಅಪ್ಪ, ನೀವೇನಾ? ದೋಣಿ ನಿಲ್ಸಕ್ಕೆ ನೀವು ಹೇಳಿದ್ರಂತೆ, ಅಂಬಿಗ ಕೇಳ್ಲಿಲ್ಲಂತೆ," ಎಂದ. ನಿಜ ಹೇಳಲೆಂದೇ ಅಷ್ಟು ದೂರ ಹೋದವನು ಕಾಫಿ ಕುಡಿದು ಎದ್ದು ಬಂದೆ.

ತಪ್ಪಾಯಿತು ಎಂದು ನಾನು ಅವರಿಗೂ ಹೇಳಲಿಲ್ಲ, ಅವರ ಮಗನಿಗೂ ಹೇಳಲಿಲ್ಲ. ಅವರ ಹೆಸರು ಕೆರಿಯಪ್ಪ.