ನೀಲಿ ಬಣ್ಣದ ಸವತಿ

ಯಂತ್ರಕ್ಕೂ ಮನಸ್ಸಿರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು, ನಗದೆ ಇನ್ನೇನು ಮಾಡಲಿ? ಈಗಲೂ ನಂಬುತ್ತೇನೆಂದು ಹೇಳಲಾರೆ. ಕೆಲವು ವರ್ಷಗಳ ಹಿಂದೆ ಮಾರಿಕಣಿವೆಯ ಹತ್ತಿರ ಹಾಡಹಗಲಲ್ಲೇ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ತೀರ್ಮಾನಿಸಿ.

ನಮ್ಮ ಯಜಮಾನರಿಗೆ ಹೊಸದುರ್ಗದಲ್ಲಿ ಬೀಜ, ಗೊಬ್ಬರದ ಅಂಗಡಿ. ಒಮ್ಮೆ ಹಿರಿಯೂರಿಗೆ ಹೋದವರು, ತೆಂಗಿನಕಾಯಿ ಮಂಡಿಯೊಂದರ ಹಿಂದೆ ಕೋಳಿಗಳು ಮೊಟ್ಟೆಯಿಡುತ್ತಿದ್ದ ಹಳೆಯ ಲ್ಯಾಂಡ್‌ಮಾಸ್ಟರ್ ಕಾರೊಂದನ್ನು ಕಂಡು ಲಾರಿಯ ಮೇಲೆ ಹೇರಿಸಿಕೊಂಡು ಬಂದರು. ಅಲ್ಲಿಗೆ ನನ್ನ ಸಂಸಾರಕ್ಕೆ ಸವತಿ ಬಂದಂತಾಯಿತು. ಚಿತ್ರದುರ್ಗದಿಂದ ಮೆಕ್ಯಾನಿಕ್ ಬಾಬು ಸಾಬರನ್ನು ಕರೆಸಿ, ಇಬ್ಬರೂ ಸೇರಿ ವರ್ಷಗಟ್ಟಲೆ ತುಕ್ಕು ಕೆರೆದರು, ಇಂಜಿನ್ ಬಿಚ್ಚಿ ಕಟ್ಟಿದರು, ಆಕಾಶನೀಲಿ ಬಣ್ಣ ಹೊಡೆದರು. ಒರೆಸಲು ನನ್ನ ಒಳ್ಳೆಯ ಕಾಟನ್ ಸೀರೆಯನ್ನೇ ಹರಿದರು. ಒರಟು ಬಟ್ಟೆಯಾದರೆ ಗೀರು ಬೀಳುತ್ತದಂತೆ! ಅಷ್ಟು ನಾಜೂಕಾಗಿ ನನ್ನನ್ನು ಯಾವತ್ತೂ ನೋಡಿಕೊಂಡವರಲ್ಲ. ಸಾಲದ್ದಕ್ಕೆ ನೀಲಾ ಎಂದು ಹೆಸರು ಬೇರೆ.

ನಾನು ಮುಂದಿನ ಸೀಟಿನಲ್ಲಿ ಕುಳಿತರೆ ಅದು ಹೊರಡುತ್ತಿರಲಿಲ್ಲ. ನಾಲ್ಕು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. "ಅವ್ಳಿಗೆ ನಿನ್ನ ಕಂಡ್ರೆ ಆಗಲ್ಲ ಕಣೇ, ಹಿಂದೆ ಕುಂತ್ಕ," ಎಂದು ಇವರು ಹಲ್ಲು ಬಿಡುತ್ತಿದ್ದರು. ಹಿಂದೆ ಹೋಗಿ ಕುಳಿತರೆ ತಕ್ಷಣ ಸ್ಟಾರ್ಟ್ ಆಗುತ್ತಿತ್ತು. ಕಾಕತಾಳೀಯ ಎಂದು ಸಮಾಧಾನ ಮಾಡಿಕೊಂಡು, ಸ್ಟಿಯರಿಂಗ್ ಪಕ್ಕದ ಗೇರಿನ ಮೇಲೆ ಅವರ ಕೈ ಆಡುವುದನ್ನೇ ಹೊಟ್ಟೆ ಉರಿದುಕೊಂಡು ನೋಡುತ್ತಿದ್ದೆ.

ಶಾಲೆಗೆ ನನ್ನದೇ ಸಣ್ಣ ಕಾರು ಓಡಿಸಿಕೊಂಡು ಹೋಗುವವಳಾದರೂ ನೀಲಾಳನ್ನು ಮುಟ್ಟಲು ನನಗೆ ಅಪ್ಪಣೆ ಇರಲಿಲ್ಲ. ನನಗೇನು, ಯಾರಿಗೂ ಇರಲಿಲ್ಲ. ಎಲ್ಲಿ ನಿಲ್ಲಿಸಿದರೂ ಇವರು ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ರೋಟರನ್ನು ಕಿತ್ತು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹೆಬ್ಬೆರಳಿನಷ್ಟಿರುವ ಆ ತುಂಡಿಲ್ಲದಿದ್ದರೆ ಪ್ಲಗ್ಗುಗಳಿಗೆ ಕರೆಂಟ್ ಹೋಗುವುದಿಲ್ಲ, ಕಿಡಿ ಹುಟ್ಟುವುದಿಲ್ಲ, ಇಂಜಿನ್ ಓಡುವುದಿಲ್ಲ. ಕಳ್ಳರ ಭಯಕ್ಕೆ ಹಳೇ ಕಾರಿನವರು ಹೀಗೆ ಮಾಡುತ್ತಾರಂತೆ.

ಆ ಭಾನುವಾರ ಮತ್ತೋಡಿನ ನೆಂಟರ ಮನೆಯಲ್ಲಿ ಊಟ ಮುಗಿಸಿ ಮಾರಿಕಣಿವೆ ಕಡೆ ಹೊರಟಿದ್ದೆವು. ಅಣೆಕಟ್ಟು ಇನ್ನೂ ದೂರವಿರುವಾಗಲೇ ಒಂದು ಹುಣಸೆಮರದ ನೆರಳಲ್ಲಿ ಕಾರು ನಿಲ್ಲಿಸಿದರು. ಎಂದಿನಂತೆ ಬಾನೆಟ್ ಎತ್ತಿ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಎದೆ ಹಿಡಿದುಕೊಂಡು ಅಲ್ಲೇ ಕುಸಿದು ಕುಳಿತರು. ಮೈಯೆಲ್ಲ ಬೆವರು. ಫೋನಿಗೆ ಸಿಗ್ನಲ್ ಇಲ್ಲ, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಹೇಗೋ ಹಿಂದಿನ ಸೀಟಿಗೆ ಹತ್ತಿಸಿ, ಅವರ ಕೈಯಿಂದ ಕೀ ತೆಗೆದುಕೊಂಡೆ. ಅವರು ಪ್ಯಾಂಟಿನ ಜೇಬನ್ನೇ ತಡಕಾಡುತ್ತಿದ್ದರು, ಮಾತು ಹೊರಡುತ್ತಿರಲಿಲ್ಲ. "ಪರ್ಸ್ ಅಲ್ಲೇ ಐತೆ ಬಿಡ್ರಿ, ಸುಮ್ನೆ ಮಲಕ್ಕಳ್ರಿ," ಎಂದು ಗದರಿದೆ. ರೋಟರಿನ ನೆನಪು ನನಗೆ ಬರಲೇ ಇಲ್ಲ.

"ಇವತ್ತೊಂದಿನ ಹೊರಡೇ ಮೂದೇವಿ," ಎಂದು ಕೀ ತಿರುಗಿಸಿ ಸ್ಟಾರ್ಟರ್ ಗುಂಡಿ ಎಳೆದೆ. ಒಂದೇ ಎಳೆತಕ್ಕೆ ಇಂಜಿನ್ ಶುರುವಾಯಿತು, ಒಮ್ಮೆಯೂ ಕೆಮ್ಮಲಿಲ್ಲ. ಅಷ್ಟು ದಿನ ಹೊಟ್ಟೆಕಿಚ್ಚಿನಿಂದ ನೋಡಿದ್ದೇ ಪಾಠವಾಗಿತ್ತೇನೋ, ಗೇರುಗಳು ಸರಿಯಾಗಿ ಬಿದ್ದವು. ಹಿರಿಯೂರಿನ ಆಸ್ಪತ್ರೆ ಮುಟ್ಟುವವರೆಗೆ ಅವಳು ಎಲ್ಲೂ ಮುನಿಸು ತೋರಿಸಲಿಲ್ಲ.

ಗಂಡಾಂತರ ಕಳೆಯಿತು ಎಂದು ಡಾಕ್ಟರು ಹೇಳಿದ ಮೇಲೆ, ನರ್ಸ್ ಅವರ ಜೇಬಿನಲ್ಲಿದ್ದುದನ್ನೆಲ್ಲ ತಂದು ನನ್ನ ಕೈಗಿಟ್ಟಳು. ಕರ್ಚೀಫಿನ ಗಂಟು ಬಿಚ್ಚಿದೆ. ಒಳಗೆ ರೋಟರ್ ಇತ್ತು.

ಸುದ್ದಿ ತಿಳಿದು ಚಿತ್ರದುರ್ಗದಿಂದ ಬಂದ ಬಾಬು ಸಾಬರನ್ನು ಸೀದಾ ಕಾರಿನ ಹತ್ತಿರ ಕರೆದುಕೊಂಡು ಹೋದೆ. ಅವರು ಮುಚ್ಚಳ ತೆಗೆದು ನೋಡಿ, "ಇದ್ರಾಗೆ ರೋಟರೇ ಇಲ್ವಲ್ಲಮ್ಮ. ಯಾರು ಎಳಕಂಡು ಬಂದ್ರು ಇಲ್ಲೀಗಂಟ?" ಎಂದರು.

"ಯಾರೂ ಎಳೀಲಿಲ್ಲ ಸಾಬ್ರೇ, ನಾನೇ ಓಡಿಸ್ಕಂಡು ಬಂದೆ," ಎಂದು ಕೈಯಲ್ಲಿದ್ದುದನ್ನು ತೋರಿಸಿದೆ. ಬೇರೊಂದು ರೋಟರ್ ಇತ್ತೇ ಎಂದು ಕೇಳಿದೆ. ಈ ಗಾಡಿಗೆ ಸಿಕ್ಕಿದ್ದು ಅದೊಂದೇ, ತಾವೇ ಊರೂರು ಅಲೆದು ತಂದು ಹಾಕಿದ್ದು ಎಂದರು. ಆಮೇಲೆ ಮತ್ತೊಮ್ಮೆ ಬಗ್ಗಿ ಡಿಸ್ಟ್ರಿಬ್ಯೂಟರಿನೊಳಗೆ ಇಣುಕಿದರು.

ಇವರು ಚೇತರಿಸಿಕೊಂಡ ಮೇಲೆ ಎಲ್ಲವನ್ನೂ ಹೇಳಿದೆ. ಕಣ್ಣಲ್ಲಿ ನೀರು ತುಂಬಿಕೊಂಡರು. ಈಗಲಾದರೂ ನನ್ನ ಕೈ ಹಿಡಿದುಕೊಳ್ಳುತ್ತಾರೆ ಎಂದುಕೊಂಡೆ. "ನೋಡ್ದೇನೇ, ಎಂಥೋಳು ನಮ್ ನೀಲಾ!" ಎಂದರು.

ಇದಕ್ಕೆ ಕಾರಣವೇನೆಂದು ನನ್ನ ವಿಜ್ಞಾನದಲ್ಲಿ ಹುಡುಕಿ ಹುಡುಕಿ ಸೋತಿದ್ದೇನೆ. ಇವರು ಮಧ್ಯಾಹ್ನ ಊಟ ಮಾಡಿ ಮಲಗಿದಾಗ, ರೋಟರನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಶೆಡ್ಡಿಗೆ ಹೋಗುತ್ತೇನೆ. ಅದನ್ನು ಹಾಕದೆಯೇ ಅವಳ ಮುಂದಿನ ಸೀಟಿನಲ್ಲಿ ಕುಳಿತು ಸ್ಟಾರ್ಟರ್ ಎಳೆಯುತ್ತೇನೆ. ಬೈದೂ ನೋಡಿದ್ದೇನೆ, ಬೇಡಿಕೊಂಡೂ ನೋಡಿದ್ದೇನೆ. ಒಮ್ಮೆಯೂ ಹೊರಟಿಲ್ಲ. ಹಿಂದಿನ ಸೀಟಿನಲ್ಲಿ ಅವರಿಲ್ಲವಲ್ಲ, ನನ್ನೊಬ್ಬಳಿಗಾಗಿ ಅವಳು ಯಾಕೆ ಹೊರಡುತ್ತಾಳೆ?